ನೋಯುವ ಹೆಬ್ಬೆರಳಿಗೆ ಹೊಂದುವ ಗೇರ್ ಶಿಫ್ಟರ್: ಹುಡುಕಾಟ ಮತ್ತು ಜೋಡಣೆಯ ದಾಖಲೆ

ಈ ದಾಖಲೆ ನನ್ನ ಅಕ್ಕನ ಸೈಕಲ್ಲಿಗೆ ಸಂಬಂಧಿಸಿದ್ದು. ನೇರ ಹ್ಯಾಂಡಲ್, ಮುಂದೆ ಪೆಡಲ್ ಬಳಿ ಮೂರು ಹಲ್ಲುಚಕ್ರ, ಅಂದರೆ ಚೈನ್‌ರಿಂಗ್, ಹಿಂದಿನ ಚಕ್ರದಲ್ಲಿ ಎಂಟು ಹಲ್ಲುಚಕ್ರ (ಸ್ಪ್ರಾಕೆಟ್), ಎರಡೂ ಚಕ್ರಗಳಿಗೆ ವಿ-ಬ್ರೇಕ್ (ರಿಮ್ಮನ್ನು ಎರಡು ಉದ್ದ ತೋಳುಗಳಿಂದ ಒತ್ತುವ ಬಗೆ), ಬ್ರೇಕ್ ಲಿವರ್ ಮತ್ತು ಗೇರ್ ಬದಲಿಸುವ ಶಿಫ್ಟರ್ ಒಂದೇ ಕವಚದಲ್ಲಿ ಕೂಡಿಕೊಂಡಿರುವ ಹಳೆಯ ಜೋಡಿ. ಅಕ್ಕ ಸ್ಪರ್ಧೆಗೆ ಹೋಗುವವಳಲ್ಲ. ಬೆಳಗಿನ ಹೊತ್ತು ಸುತ್ತಾಡಲು, ರಜೆಯಲ್ಲಿ ಗೆಳತಿಯರೊಡನೆ ಒಂದಿಷ್ಟು ದೂರ ಹೋಗಿಬರಲು ಸೈಕಲ್ ಹೊಡೆಯುತ್ತಾಳೆ. ಈಚೆಗೆ ಏರು ಬಂದಾಗ ಗೇರ್ ಬದಲಿಸದೆ ಅದೇ ಗೇರಿನಲ್ಲಿ ಎದ್ದುನಿಂತು ತುಳಿಯತೊಡಗಿದ್ದಳು. ಕೇಳಿದಾಗ, "ಬಲಗೈ ಹೆಬ್ಬೆರಳಿನ ಬುಡ ಹಿಡ್ಕೊಳ್ಳುತ್ತೆ ಕಣೋ, ಆ ಲಿವರ್ ಒತ್ತೋದಕ್ಕಿಂತ ಎದ್ದು ತುಳಿಯೋದೇ ಸುಲಭ" ಎಂದಳು. ಮೊಣಕಾಲಿನ ಭಾರ ಇಳಿಸಲೆಂದು ಇರುವ ಗೇರನ್ನು ಮುಟ್ಟಲು ಕೈ ಹಿಂಜರಿಯುವ ಸ್ಥಿತಿ ಬಂದಿದ್ದರಿಂದ ಶಿಫ್ಟರ್ ಬದಲಿಸಲೇಬೇಕೆಂದು ಕೆಲಸಕ್ಕೆ ಕೈಹಾಕಿದೆ.

ಸೈಕಲ್ ಹೊಡೆಯದಿರುವಾಗಲೂ ಉಳಿಯುವ ನೋವು ವೈದ್ಯರು ನೋಡಬೇಕಾದದ್ದು. ಅದನ್ನು ಅಕ್ಕ ಬೇರೆಯಾಗಿ ತೋರಿಸಿಕೊಂಡಿದ್ದಾಳೆ. ಇಲ್ಲಿರುವುದು ಸೈಕಲ್ಲಿನ ಮೇಲೆ ಮಾಡಿದ ಕೆಲಸ ಮಾತ್ರ.

ಹಂತ 1: ಅಳತೆ

ಹೊಸ ಶಿಫ್ಟರುಗಳನ್ನು ನೋಡುವ ಮೊದಲು ಹಳೆಯದು ಎಷ್ಟು ಬಲ ಕೇಳುತ್ತಿದೆ ಎಂಬುದನ್ನು ತಿಳಿಯಬೇಕಿತ್ತು. ಇದಕ್ಕೆ ಪ್ರಯಾಣದ ಚೀಲ ತೂಗುವ ಕೊಕ್ಕೆ ತಕ್ಕಡಿ ಸಾಕಾಯಿತು. ಹೆಬ್ಬೆರಳು ಕೂರುವ ಜಾಗದಲ್ಲಿ ಲಿವರಿಗೆ ದಾರದ ಕುಣಿಕೆ ಹಾಕಿ, ಲಿವರ್ ಚಲಿಸುವ ದಿಕ್ಕಿಗೇ ತಕ್ಕಡಿಯನ್ನು ಎಳೆದು, ಕ್ಲಿಕ್ ಆಗುವ ಕ್ಷಣದ ತೂಕವನ್ನು ಬರೆದುಕೊಂಡೆ. ಹಿಂದಿನ ಚಕ್ರವನ್ನು ನೆಲದಿಂದ ಎತ್ತಿ ನಿಲ್ಲಿಸಿ, ಇನ್ನೊಬ್ಬರು ಪೆಡಲ್ ತಿರುಗಿಸುತ್ತಿರುವಾಗ ಅಳೆಯಬೇಕು. ಚೈನ್ ನಿಂತಿರುವಾಗ ಅಳೆದರೆ ಅಂಕಿ ಸುಳ್ಳು ಹೇಳುತ್ತದೆ.

ನಿರೀಕ್ಷಿಸಿದಂತೆ ಬಲಗಡೆ ಸಣ್ಣ ಸ್ಪ್ರಾಕೆಟ್‌ನಿಂದ ದೊಡ್ಡದರ ಕಡೆಗೆ ಹೋದಂತೆ ಭಾರ ಏರುತ್ತಿತ್ತು, ಏಕೆಂದರೆ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರಿನ ಸ್ಪ್ರಿಂಗ್ ಹೆಚ್ಚು ಹೆಚ್ಚು ಹಿಗ್ಗುತ್ತದೆ. ಎಡಗಡೆ ನಡುವಿನ ಚೈನ್‌ರಿಂಗ್‌ನಿಂದ ದೊಡ್ಡದಕ್ಕೆ ಹೋಗುವ ಒತ್ತು ಎಲ್ಲಕ್ಕಿಂತ ಭಾರ. ಬಳಿಕ ಡಿರೇಲರ್ ಬಳಿ ಕೇಬಲ್ ಬಿಡಿಸಿ ಮತ್ತೆ ಅಳೆದೆ. ಸ್ಪ್ರಿಂಗಿನ ಭಾರ ಈಗ ಇಲ್ಲದ ಕಾರಣ ಲಿವರ್ ಬಹುತೇಕ ತಾನಾಗಿ ಓಡಬೇಕಿತ್ತು. ಆದರೆ ಕೈಯಿಂದ ಕೇಬಲ್ಲಿನ ತುದಿಯನ್ನು ಎಳೆದು ಹಿಡಿದಾಗ ಅದು ತಡೆತಡೆದು, ಕರಕರ ಎನ್ನುತ್ತ ಸರಿಯುತ್ತಿತ್ತು. ಕೇಬಲನ್ನು ಪೂರ್ತಿ ಹೊರಗೆಳೆದ ಮೇಲೆ ಬರಿಯ ಲಿವರ್ ಹಗುರವಾಗಿ ಕ್ಲಿಕ್ಕಿಸಿತು. ಹೆಬ್ಬೆರಳಿನ ಮೇಲೆ ಬೀಳುತ್ತಿದ್ದ ಭಾರದ ದೊಡ್ಡ ಪಾಲು ಶಿಫ್ಟರಿನದಾಗಿರಲಿಲ್ಲ, ಕೇಬಲ್ಲಿನ ಉಜ್ಜಾಟದ್ದಾಗಿತ್ತು.

ಕೈಯ ಅಳತೆಯೂ ಬೇಕು. ಅಕ್ಕ ಸಹಜವಾಗಿ ಗ್ರಿಪ್ ಹಿಡಿದಾಗ ಅಂಗೈ ಕೂರುವ ಜಾಗಕ್ಕೆ ಅಂಟುಪಟ್ಟಿ ಹಚ್ಚಿ ಗುರುತು ಮಾಡಿದೆ. ಅವಳ ಹೆಬ್ಬೆರಳು ಲಿವರ್ ತಲುಪಲು ಇಡೀ ಅಂಗೈ ಸುಮಾರು 15 ಮಿ.ಮೀ. ಒಳಕ್ಕೆ ಸರಿಯಬೇಕಿತ್ತು, ಸರಿಯದಿದ್ದರೆ ಹೆಬ್ಬೆರಳನ್ನು ಪೂರ್ತಿ ಚಾಚಿ ತುದಿಯಿಂದ ಒತ್ತಬೇಕಿತ್ತು. ಚಾಚಿದ ಹೆಬ್ಬೆರಳಿನ ತುದಿಯಿಂದ ಒತ್ತುವಾಗ ಬುಡದ ಕೀಲಿಗೆ ಬೀಳುವ ಭಾರ ತುದಿಯಲ್ಲಿ ಕೊಟ್ಟ ಬಲದ ಹಲವು ಪಟ್ಟು ಇರುತ್ತದೆ. ನೋವು ಬುಡದಲ್ಲೇ ಕಾಣಿಸಿಕೊಂಡದ್ದು ಇದಕ್ಕೆ ತಾಳೆಯಾಗುತ್ತಿತ್ತು.

ಹಂತ 2: ಮೊದಲು ಕೇಬಲ್

ಬೇಕಾದ ಸಾಮಾನು: 1.2 ಮಿ.ಮೀ. ದಪ್ಪದ ಸ್ಟೇನ್‌ಲೆಸ್ ಗೇರ್ ಕೇಬಲ್ ಎರಡು, 4 ಮಿ.ಮೀ. ಗೇರ್ ಔಟರ್ (ಕೇಬಲ್ ಹಾಯುವ ಹೊರಕೊಳವೆ), ಔಟರಿನ ತುದಿಗಳಿಗೆ ಟೊಪ್ಪಿಗಳು, ಕೇಬಲ್ ತುದಿಗೆ ಹಾಕುವ ಅಲ್ಯೂಮಿನಿಯಂ ಕ್ಯಾಪ್. ಸಲಕರಣೆ: ಹರಿತವಾದ ಕೇಬಲ್ ಕಟರ್, 5 ಮಿ.ಮೀ. ಅಲೆನ್ ಕೀ, ಚಪ್ಪಟೆ ಅರ, ದಬ್ಬಳ, ಇಕ್ಕಳ.

ಔಟರ್ ಕೊಳ್ಳುವಾಗ ಗೇರಿನದನ್ನೇ ಕೇಳಿ ಪಡೆಯಬೇಕು. ಗೇರ್ ಔಟರಿನೊಳಗೆ ಉಕ್ಕಿನ ತಂತಿಗಳು ಉದ್ದಕ್ಕೆ ಸಾಲಾಗಿ ಇರುತ್ತವೆ, ಹಾಗಾಗಿ ಅದು ಒತ್ತಡಕ್ಕೆ ಕುಗ್ಗುವುದಿಲ್ಲ ಮತ್ತು ಕ್ಲಿಕ್ ನಿಖರವಾಗಿ ಉಳಿಯುತ್ತದೆ. ಸಾಮಾನ್ಯ ಬ್ರೇಕ್ ಔಟರಿನಲ್ಲಿ ತಂತಿ ಸುರುಳಿಯಾಗಿ ಸುತ್ತಿರುತ್ತದೆ. ಅದನ್ನು ಗೇರಿಗೆ ಹಾಕಿದರೆ ಗೇರ್ ಸರಿಯಾಗಿ ಕೂರುವುದಿಲ್ಲ. ಇದರ ತಿರುಗುಮುರುಗು ಇನ್ನೂ ಅಪಾಯಕರ: ಗೇರ್ ಔಟರನ್ನು ಬ್ರೇಕಿಗೆ ಹಾಕಿದರೆ ಜೋರಾಗಿ ಬ್ರೇಕ್ ಹಿಡಿದಾಗ ಅದು ಸೀಳಿಹೋಗಬಹುದು. ಎರಡೂ ಕಪ್ಪಗೆ ಒಂದೇ ರೀತಿ ಕಾಣುವುದರಿಂದ ತುಂಡುಗಳನ್ನು ಒಂದೇ ಡಬ್ಬಿಯಲ್ಲಿ ಇಡದಿರುವುದು ಒಳ್ಳೆಯದು.

ಹಳೆಯ ಔಟರ್ ಬಿಚ್ಚಿದಾಗ ಹಿಂದಿನ ಡಿರೇಲರ್ ಬಳಿ ಬಾಗಿ ಕೂರುವ ತುಂಡು, ಅಂದರೆ ಕುಣಿಕೆಯೇ ಎಲ್ಲಕ್ಕಿಂತ ಕೆಟ್ಟಿತ್ತು. ಚೈನಿನ ಕೊಳೆ, ಚಕ್ರ ಎರಚುವ ನೀರು ಎರಡೂ ಅಲ್ಲಿಗೇ ಬಂದು ಸೇರುತ್ತವೆ. ಪೆಡಲ್ ಅಚ್ಚಿನ ಕೆಳಗೆ ಕೇಬಲ್ ಹಾಯುವ ಪ್ಲಾಸ್ಟಿಕ್ ಗೈಡಿನಲ್ಲಿಯೂ ಗ್ರೀಸ್ ಬೆರೆತ ಮಣ್ಣು ಗಟ್ಟಿಯಾಗಿ ಕೂತಿತ್ತು. ಗೈಡನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು ಒಣಗಿಸಿದೆ.

ಹೊಸ ಔಟರನ್ನು ಕತ್ತರಿಸಿದ ಮೇಲೆ ಮೂರು ಸಣ್ಣ ಕೆಲಸಗಳನ್ನು ಬಿಡಬಾರದು: ತುದಿಯನ್ನು ಅರದಿಂದ ಚಪ್ಪಟೆಯಾಗಿ ಉಜ್ಜುವುದು, ಒತ್ತಿ ಮುಚ್ಚಿಹೋದ ಒಳಪೊರೆಯನ್ನು ದಬ್ಬಳದಿಂದ ದುಂಡಗೆ ತೆರೆಯುವುದು, ಟೊಪ್ಪಿ ತಳದವರೆಗೆ ಕೂತಿದೆಯೇ ಎಂದು ನೋಡುವುದು. ಕೇಬಲ್ ಕಟರ್ ಇಲ್ಲದೆ ಸಾಧಾರಣ ಕಟಿಂಗ್ ಪ್ಲೈಯರಿನಲ್ಲಿ ಕತ್ತರಿಸಲು ಹೋದರೆ ಔಟರಿನ ತುದಿ ಜಜ್ಜಿ ಹೋಗುತ್ತದೆ, ಕೇಬಲ್ಲಿನ ಎಳೆಗಳು ಬಿಚ್ಚಿಕೊಳ್ಳುತ್ತವೆ. ಕಟರಿಗೆ ಹಾಕುವ ಹಣ ಹಾಳಾಗುವುದಿಲ್ಲ.

ಕೇಬಲ್ ಹಾಕಿ ಮತ್ತೆ ತೂಗಿದಾಗ ಬಲಗಡೆ ಭಾರ ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿತ್ತು. ಎಡಗಡೆಯೂ ಇಳಿದಿತ್ತು, ಆದರೆ ಅಷ್ಟಲ್ಲ. ಅಕ್ಕನ ಕೈಗೆ ಕೊಟ್ಟಾಗ ಹೊಸ ಶಿಫ್ಟರ್ ಹಾಕಿದೆನೆಂದೇ ಅವಳು ತಿಳಿದಳು. ಶಿಫ್ಟರ್ ಕೆಟ್ಟಿದೆ, ಕಷ್ಟವಾಗುತ್ತದೆ ಎನ್ನುವ ಯಾರಿಗೇ ಆಗಲಿ ನಾನು ಮೊದಲು ಹೇಳುವುದು ಇದನ್ನೇ: ಕೇಬಲ್ ಮತ್ತು ಔಟರ್ ಬದಲಿಸಿ ನೋಡುವ ಮುನ್ನ ಶಿಫ್ಟರಿಗೆ ಹಣ ಕೊಡಬೇಡಿ. ಅನೇಕರ ತೊಂದರೆ ಇಲ್ಲಿಗೇ ಮುಗಿಯುತ್ತದೆ. ಅಕ್ಕನದು ಮುಗಿಯಲಿಲ್ಲ, ಏಕೆಂದರೆ ಭಾರ ಇಳಿದರೂ ಚಾಚುವ ದೂರ ಹಾಗೆಯೇ ಉಳಿದಿತ್ತು.

ಹಂತ 3: ಇದ್ದ ಶಿಫ್ಟರಿನ ಜಾಗ ಬದಲಿಸುವುದು

ಕ್ಲ್ಯಾಂಪಿನ ಬೋಲ್ಟ್ ಸಡಿಲಿಸಿ ಇಡೀ ಜೋಡಿಯನ್ನು ಹೊರಕ್ಕೆ, ಗ್ರಿಪ್‌ಗೆ ತಾಗುವವರೆಗೆ ಸರಿಸಿದೆ. ಚಾಚುವ ದೂರ ಕಡಿಮೆಯಾಯಿತು, ಆದರೆ ಅಕ್ಕನ ತೋರುಬೆರಳು ಬ್ರೇಕ್ ಲಿವರಿನ ತುದಿಯನ್ನು ಬಿಟ್ಟು ನಡುವಿನಲ್ಲಿ ಕೂತಿತು. ತುದಿಯಲ್ಲಿ ಹಿಡಿದರೆ ಸಿಗುವ ಸನ್ನೆಯ ಬಲ ನಡುವಿನಲ್ಲಿ ಸಿಗುವುದಿಲ್ಲ. ಬ್ರೇಕ್ ಲಿವರನ್ನು ಮುಂಗೈಯ ನೇರಕ್ಕೆ, ಅಂದರೆ ಮಣಿಕಟ್ಟು ಮಡಿಯದ ಹಾಗೆ ಓರೆಯಾಗಿ ಕೆಳಗೆ ತಿರುಗಿಸಿದಾಗ ಶಿಫ್ಟರಿನ ಹೆಬ್ಬೆರಳ ಲಿವರ್ ಹ್ಯಾಂಡಲಿನ ಕೆಳಗೆ ಹಿಂದಕ್ಕೆ ಹೋಯಿತು. ಶಿಫ್ಟರನ್ನು ಹೆಬ್ಬೆರಳಿಗೆ ಹೊಂದಿಸಿದಾಗ ಬ್ರೇಕ್ ಲಿವರ್ ಮೇಲಕ್ಕೆದ್ದು ಮಣಿಕಟ್ಟು ಹಿಂದಕ್ಕೆ ಬಾಗತೊಡಗಿತು.

ಒಂದೇ ಕವಚದ ಜೋಡಿಯ ಮಿತಿ ಇಲ್ಲಿದೆ. ಸರಾಸರಿ ಅಳತೆಯ ಕೈಗೆ ಅದು ಹೊಂದಬಹುದು. ಚಿಕ್ಕ ಕೈಗೆ ಅಥವಾ ನೋವಿರುವ ಕೈಗೆ ಬ್ರೇಕ್ ಮತ್ತು ಶಿಫ್ಟರನ್ನು ಬೇರೆಬೇರೆಯಾಗಿ ತಿರುಗಿಸಲು, ಸರಿಸಲು ಆಗಲೇಬೇಕು. ಆದ್ದರಿಂದ ಇನ್ನು ನೋಡುವುದೆಲ್ಲ ಬಿಡಿ ಶಿಫ್ಟರುಗಳನ್ನೇ ಎಂದು ನಿಶ್ಚಯಿಸಿದೆ. ಇದರಿಂದ ಬಿಡಿ ಬ್ರೇಕ್ ಲಿವರುಗಳ ಖರ್ಚೂ ಸೇರಿಕೊಂಡಿತು.

ಹಂತ 4: ಯಾವುದು ಯಾವುದಕ್ಕೆ ಹೊಂದುತ್ತದೆ

ಕೈಗೆ ಹಿತವಾದ ಶಿಫ್ಟರ್ ಸಿಕ್ಕರೂ ಹಿಂದಿನ ಡಿರೇಲರಿನೊಡನೆ ಅದು ಹೊಂದದಿದ್ದರೆ ಉಪಯೋಗವಿಲ್ಲ. ಒಂದು ಕ್ಲಿಕ್ಕಿಗೆ ಶಿಫ್ಟರ್ ಎಳೆಯುವ ಕೇಬಲ್ಲಿನ ಉದ್ದವನ್ನು ಡಿರೇಲರಿನ ಅನುಪಾತದಿಂದ (ಕೇಬಲ್ 1 ಮಿ.ಮೀ. ಎಳೆದಾಗ ಡಿರೇಲರ್ ಎಷ್ಟು ಸರಿಯುತ್ತದೆ ಎಂಬುದರಿಂದ) ಗುಣಿಸಿದರೆ ಸಿಗುವ ಅಳತೆ ಪಕ್ಕಪಕ್ಕದ ಸ್ಪ್ರಾಕೆಟ್‌ಗಳ ನಡುವಿನ ಅಂತರಕ್ಕೆ ಸಮನಾಗಬೇಕು. ಶಿಮಾನೊ ಕಂಪನಿಯ 7, 8 ಮತ್ತು 9 ಗೇರುಗಳ ಹಿಂದಿನ ಡಿರೇಲರುಗಳಲ್ಲಿ ಸಾಮಾನ್ಯವಾಗಿ ಈ ಅನುಪಾತ ಸುಮಾರು 1.7. 8 ಗೇರಿನ ಶಿಫ್ಟರ್ ಕ್ಲಿಕ್ಕಿಗೆ ಸುಮಾರು 2.8 ಮಿ.ಮೀ. ಎಳೆಯುತ್ತದೆ, ಗುಣಿಸಿದರೆ 4.8 ಮಿ.ಮೀ.ಗೆ ಹತ್ತಿರ ಬರುತ್ತದೆ, 8 ಸ್ಪ್ರಾಕೆಟ್‌ಗಳ ಅಂತರವೂ ಅಷ್ಟೇ. 9 ಗೇರಿನದು ಎಳೆಯುವುದು ಸುಮಾರು 2.5 ಮಿ.ಮೀ. ಅದನ್ನು 8ರ ಕ್ಯಾಸೆಟ್ಟಿಗೆ (ಹಿಂದಿನ ಸ್ಪ್ರಾಕೆಟ್ ಗುಂಪಿಗೆ) ಹಾಕಿದರೆ ಕ್ಲಿಕ್ಕಿನಿಂದ ಕ್ಲಿಕ್ಕಿಗೆ ಕೊರತೆ ಕೂಡುತ್ತ ಏಳನೆಯ ಕ್ಲಿಕ್ಕಿನ ಹೊತ್ತಿಗೆ 3 ಮಿ.ಮೀ.ಗೂ ಹೆಚ್ಚು ತಪ್ಪುತ್ತದೆ. ಅಷ್ಟಾದರೆ ಚೈನ್ ಎರಡು ಸ್ಪ್ರಾಕೆಟ್‌ಗಳ ನಡುವೆ ಅಲೆಯುತ್ತದೆ.

ಸ್ರಾಮ್ ಕಂಪನಿಯ ತನ್ನದೇ ಪದ್ಧತಿಯ ಶಿಫ್ಟರುಗಳು ಇದಕ್ಕಿಂತ ಹೆಚ್ಚು ಕೇಬಲ್ ಎಳೆಯುತ್ತವೆ, ಆದ್ದರಿಂದ ಅವುಗಳಿಗೆ ಅದೇ ಪದ್ಧತಿಯ ಡಿರೇಲರ್ ಬೇಕು; ಅದೇ ಕಂಪನಿ ಶಿಮಾನೊ ಡಿರೇಲರಿಗೆ ಹೊಂದುವ ತಿರುಗು ಶಿಫ್ಟರುಗಳನ್ನೂ ಮಾಡಿದೆ. ಶಿಮಾನೊದ ಮೌಂಟನ್ ಬೈಕ್ 10 ಗೇರಿನ ಡಿರೇಲರ್ ಮತ್ತೆ ಬೇರೆ ಅನುಪಾತದ್ದು. ಅಕ್ಕನ ಸೈಕಲ್ಲಿಗೆ ಬೇಕಾದದ್ದು ಶಿಮಾನೊ ಎಳೆತಕ್ಕೆ ಹೊಂದುವ, 8 ಗೇರಿನ ಬಲಗಡೆ ಶಿಫ್ಟರ್. ಹ್ಯಾಂಡಲಿನ ಹಿಡಿಯುವ ಭಾಗದ ದಪ್ಪ 22.2 ಮಿ.ಮೀ. ಎಂದು ಅಳೆದು ಖಚಿತಪಡಿಸಿಕೊಂಡೆ. ನೇರ ಹ್ಯಾಂಡಲಿನ ಶಿಫ್ಟರುಗಳು ಈ ಅಳತೆಗೇ ಇರುತ್ತವೆ. ಕೆಳಕ್ಕೆ ಬಾಗಿದ ರೇಸ್ ಹ್ಯಾಂಡಲ್ ಸುಮಾರು 23.8 ಮಿ.ಮೀ. ಇರುವುದರಿಂದ ಅದಕ್ಕೆ ಇವು ಏರುವುದಿಲ್ಲ.

ಹಂತ 5: ತಿರುಗಿಸುವ ಶಿಫ್ಟರ್

ಸಂತೋಷಕ್ಕಾಗಿ ಸೈಕಲ್ ಹೊಡೆಯುವವರಿಗೆ ಅಂಗಡಿಯವರು ಹೆಚ್ಚಾಗಿ ಸೂಚಿಸುವುದು ಗ್ರಿಪ್ಪನ್ನೇ ತಿರುಗಿಸಿ ಗೇರ್ ಬದಲಿಸುವ ಬಗೆಯನ್ನು. ಸ್ರಾಮ್ 1988ರಲ್ಲಿ ಗ್ರಿಪ್ ಶಿಫ್ಟ್ ಹೆಸರಿನಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಶಿಮಾನೊದ ರೆವೊಶಿಫ್ಟ್ ಕೂಡ ಇದೇ ರೀತಿಯದು. ಬೆರಳು ಚಾಚಬೇಕಾಗಿಲ್ಲ, ಗೇರಿನ ಅಂಕಿ ಕಣ್ಣೆದುರಿಗೇ ಕಾಣುತ್ತದೆ, ಒಂದೇ ತಿರುವಿನಲ್ಲಿ ಹಲವು ಗೇರ್ ದಾಟಬಹುದು. ಹೊಂದುವ 8 ಗೇರಿನದೊಂದನ್ನು ಪರಿಚಿತರಿಂದ ಎರವಲು ತಂದು ಹಾಕಿದೆ. ತಿರುಗುವ ಭಾಗವೇ ಹ್ಯಾಂಡಲಿನ ಒಂದಿಷ್ಟು ಉದ್ದವನ್ನು ತಿನ್ನುವುದರಿಂದ ಸುಮಾರು 130 ಮಿ.ಮೀ.ನ ಮಾಮೂಲಿ ಗ್ರಿಪ್ ತೆಗೆದು ಗಿಡ್ಡ ಗ್ರಿಪ್ ಹಾಕಬೇಕಾಯಿತು.

ಅಕ್ಕನಿಗೆ ಇದು ಆಗಿಬರಲಿಲ್ಲ. ಉಪ್ಪಿನಕಾಯಿ ಜಾಡಿಯ ಬಿಗಿ ಮುಚ್ಚಳ ತಿರುಗಿಸುವಾಗ ಕೈ ಏನು ಮಾಡುತ್ತದೋ ಇಲ್ಲಿಯೂ ಅದನ್ನೇ ಮಾಡಬೇಕು: ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಬಿಗಿಯಾಗಿ ಹಿಸುಕಿ, ಮಣಿಕಟ್ಟಿನಿಂದ ತಿರುಚಬೇಕು. ಹೆಬ್ಬೆರಳಿನ ಬುಡದ ಕೀಲು ನೋಯುವವರಿಗೆ ಇದೇ ಎಲ್ಲಕ್ಕಿಂತ ಕಷ್ಟದ ಚಲನೆ. ದೊಡ್ಡ ಸ್ಪ್ರಾಕೆಟ್‌ಗಳ ಕಡೆಗೆ ತಿರುಗಿಸುವಾಗ ಅವಳು ಮೊಣಕೈಯನ್ನೂ ಎತ್ತುತ್ತಿದ್ದಳು. ಬೆವರಿದ ಕೈ ಜಾರುತ್ತಿತ್ತು. ಜಾರದಿರಲೆಂದು ಇನ್ನಷ್ಟು ಹಿಸುಕಬೇಕಾಗುತ್ತಿತ್ತು. ಗುಂಡಿಬಿದ್ದ ದಾರಿಯಲ್ಲಿ ಹ್ಯಾಂಡಲ್ ಬಿಗಿಯಾಗಿ ಹಿಡಿದಾಗ ಅರಿವಿಲ್ಲದೆ ಗೇರ್ ಬದಲಾಗುವುದೂ ಆಯಿತು.

ಇದನ್ನು ಕೆಟ್ಟ ಶಿಫ್ಟರ್ ಎಂದು ನಾನು ಹೇಳುವುದಿಲ್ಲ. ಬೆರಳುಗಳ ಗಂಟು ನೋಯುವವರಿಗೆ, ಬೆರಳ ತುದಿಯಲ್ಲಿ ಬಲ ಸಾಲದವರಿಗೆ, ಆದರೆ ಮಣಿಕಟ್ಟು ಮತ್ತು ಹಿಡಿತ ಗಟ್ಟಿಯಾಗಿರುವವರಿಗೆ ಇದು ಚೆನ್ನಾಗಿ ಒದಗುತ್ತದೆ. ಸುಖಕರ ಎಂಬ ಪದಕ್ಕೆ ಎಲ್ಲ ಕೈಗಳಿಗೂ ಒಂದೇ ಉತ್ತರವಿಲ್ಲ. ಯಾವ ಕೀಲಿಗೆ ಕೆಲಸ ಬೀಳುತ್ತದೆ ಎಂಬುದನ್ನು ನೋಡಿಯೇ ಆರಿಸಬೇಕು. ಈ ಹಂತದಿಂದ ನಾನು ಪ್ರತಿಯೊಂದು ಶಿಫ್ಟರಿನ ಮುಂದೆ ಕೇಳಿಕೊಂಡದ್ದು ಅದೊಂದೇ ಪ್ರಶ್ನೆ.

ಹಂತ 6: ಎರಡು ಲಿವರಿನ ಬಿಡಿ ಶಿಫ್ಟರ್

ಹ್ಯಾಂಡಲಿನ ಕೆಳಗೆ ಕೂರುವ ಈ ಬಗೆಯಲ್ಲಿ ಒಂದು ಲಿವರ್ ಕೇಬಲ್ ಎಳೆಯುತ್ತದೆ, ಇನ್ನೊಂದು ಸಡಿಲಿಸುತ್ತದೆ. ಕೆಲವು ಮಾದರಿಗಳಲ್ಲಿ ಸಡಿಲಿಸುವ ಲಿವರನ್ನು ತೋರುಬೆರಳಿನಿಂದ ಎಳೆಯಲೂಬಹುದು, ಹೆಬ್ಬೆರಳಿನಿಂದ ತಳ್ಳಲೂಬಹುದು. ಹಳೆಯ ಜೋಡಿಗಿಂತ ಇದು ಖಂಡಿತ ಮೇಲು: ಕ್ಲ್ಯಾಂಪ್ ಬೇರೆಯಾಗಿದ್ದುದರಿಂದ ಲಿವರನ್ನು ಅಕ್ಕನ ಹೆಬ್ಬೆರಳಿನ ಸಹಜ ದಾರಿಗೆ ತಂದು ನಿಲ್ಲಿಸಲಾಯಿತು, ಅಂಗೈ ಸರಿಯಬೇಕಾದ ಪ್ರಮೇಯ ಹೋಯಿತು. ಕೈಯಲ್ಲಿ ನೋವಿಲ್ಲದವರು ಇಲ್ಲಿಗೇ ನಿಲ್ಲಬಹುದು, ನನ್ನ ಸೈಕಲ್ಲಿನಲ್ಲಿಯೂ ಇದೇ ಇದೆ.

ಆದರೆ ಕೇಬಲ್ ಎಳೆಯುವ ಭಾರದ ಕೆಲಸ ಈಗಲೂ ಹೆಬ್ಬೆರಳಿನದೇ. ಏರಿನಲ್ಲಿ ಗೇರ್ ಹಗುರ ಮಾಡಿಕೊಳ್ಳಬೇಕಾದಾಗ ಒತ್ತಬೇಕಾದ ಲಿವರ್ ಅದೇ. ಉದ್ದನೆಯ ಏರುಪೇರಿನ ದಾರಿಯಲ್ಲಿ ಹೋಗಿಬಂದ ಅಕ್ಕ, ನೋವು ಮೊದಲಿಗಿಂತ ತಡವಾಗಿ ಶುರುವಾಯಿತು, ಆದರೆ ಶುರುವಾದದ್ದು ಅಲ್ಲಿಯೇ ಎಂದಳು.

ಹಂತ 7: ಹ್ಯಾಂಡಲಿನ ಮೇಲೆ ಕೂರುವ ಶಿಫ್ಟರ್, ಬಲಗಡೆ

1980ರ ದಶಕದ ಮೌಂಟನ್ ಬೈಕುಗಳಲ್ಲಿ ಇದ್ದ, ಈಗಲೂ ಮೈಕ್ರೊಶಿಫ್ಟ್, ಸನ್‌ರೇಸ್ ಮುಂತಾದ ಕಂಪನಿಗಳು ಮಾಡುತ್ತಿರುವ ಬಗೆ ಇದು: ಹ್ಯಾಂಡಲಿನ ಮೇಲ್ಭಾಗದಲ್ಲಿ ಒಂದೇ ಒಂದು ಉದ್ದನೆಯ ಲಿವರ್. ಮುಂದಕ್ಕೆ ತಳ್ಳಿದರೆ ಕೇಬಲ್ ಎಳೆಯುತ್ತದೆ, ಹಿಂದಕ್ಕೆ ತಂದರೆ ಬಿಡುತ್ತದೆ. ಇದನ್ನು ಥಂಬ್ ಶಿಫ್ಟರ್ ಎನ್ನುತ್ತಾರೆ, ಹೆಸರಿನಲ್ಲೇ ಹೆಬ್ಬೆರಳಿದೆ ಎಂಬ ಕಾರಣಕ್ಕೆ ನಾನು ಇದನ್ನು ಕೊನೆಗೆ ಇಟ್ಟಿದ್ದೆ. ಆದರೆ ಲಿವರ್ ಬಯಲಿನಲ್ಲಿರುವುದರಿಂದ ಹೆಬ್ಬೆರಳೇ ಬೇಕೆಂದಿಲ್ಲ. ಅಂಗೈಯ ಬುಡವನ್ನು ಲಿವರಿಗೆ ಆನಿಸಿ ಮುಂದಕ್ಕೆ ತಳ್ಳಿದರೆ ಕೆಲಸ ತೋಳಿಗೆ ಹೋಗುತ್ತದೆ. ಹಿಂದಕ್ಕೆ ತರಲು ತೋರುಬೆರಳಿನ ಪಕ್ಕ ಸಾಕು. ಗ್ಲೌಸ್ ಹಾಕಿದ್ದರೂ, ಕೈ ಒದ್ದೆಯಾಗಿದ್ದರೂ ವ್ಯತ್ಯಾಸವಾಗುವುದಿಲ್ಲ. ಲಿವರ್ ನಿಂತಿರುವ ಕೋನ ನೋಡಿದರೆ ಯಾವ ಗೇರಿನಲ್ಲಿದ್ದೇವೆ ಎಂಬುದೂ ತಿಳಿಯುತ್ತದೆ.

ಜೋಡಿಸಿದ ಕ್ರಮ ಹೀಗಿದೆ.

ಚೈನನ್ನು ಹಿಂದಿನ ಅತಿ ಸಣ್ಣ ಸ್ಪ್ರಾಕೆಟ್‌ಗೆ, ಮುಂದಿನ ಅತಿ ಸಣ್ಣ ಚೈನ್‌ರಿಂಗ್‌ಗೆ ತಂದು, ಎರಡೂ ಗೇರ್ ಕೇಬಲ್ಲುಗಳನ್ನೂ ಎರಡೂ ಬ್ರೇಕ್ ಕೇಬಲ್ಲುಗಳನ್ನೂ ಬಿಡಿಸಿದೆ. ಗ್ರಿಪ್ ತೆಗೆಯಲು ಹಳೆಯ ಚಕ್ರದ ಕಡ್ಡಿಯೊಂದನ್ನು ಒಳಗೆ ತೂರಿಸಿ, ಸೋಪಿನ ನೀರು ಬಿಟ್ಟು ತಿರುಗಿಸಿದೆ. ಎಣ್ಣೆ ಹಾಕಿದರೆ ಬೇಗ ಬರುತ್ತದೆ, ಆದರೆ ಮತ್ತೆ ಹಾಕಿದ ಗ್ರಿಪ್ ಹ್ಯಾಂಡಲಿನ ಮೇಲೆ ಸುತ್ತತೊಡಗುತ್ತದೆ, ಅದು ಅಪಾಯ.

ಬ್ರೇಕ್ ಲಿವರ್ ಆರಿಸುವಾಗ ವಿ-ಬ್ರೇಕಿಗೆ ಹೊಂದುವ, ಹೆಚ್ಚು ಕೇಬಲ್ ಎಳೆಯುವ ಬಗೆಯನ್ನೇ ತಂದೆ. ಕ್ಯಾಲಿಪರ್ ಬ್ರೇಕಿನ ಲಿವರ್ ಎಳೆಯುವ ಉದ್ದ ಇದರ ಸುಮಾರು ಅರ್ಧ. ಅದನ್ನು ವಿ-ಬ್ರೇಕಿಗೆ ಹಾಕಿದರೆ ಬ್ರೇಕ್ ಕಟ್ಟೆ ರಿಮ್ಮಿಗೆ ಸರಿಯಾಗಿ ಕಚ್ಚುವ ಮೊದಲೇ ಲಿವರ್ ಗ್ರಿಪ್‌ಗೆ ತಾಗಬಹುದು. ಇದಕ್ಕೆ ವಿರುದ್ಧವಾದ ಜೋಡಣೆಯಲ್ಲಿ ಲಿವರ್ ಗಟ್ಟಿಯಾಗಿ ನಿಲ್ಲುತ್ತದೆ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಶಿಫ್ಟರ್ ಬದಲಿಸುವ ಉತ್ಸಾಹದಲ್ಲಿ ಈ ಭಾಗವನ್ನು ಹಗುರವಾಗಿ ತೆಗೆದುಕೊಳ್ಳಬಾರದು.

ಮೊದಲು ಶಿಫ್ಟರನ್ನು ಬ್ರೇಕ್ ಲಿವರಿಗಿಂತ ಒಳಗೆ, ಹ್ಯಾಂಡಲಿನ ನಡುವಿನ ಕಡೆಗೆ ಹಾಕಿ ನೋಡಿದೆ. ಅಂಗೈ ಮತ್ತೆ ಚಲಿಸಬೇಕಾಯಿತು. ಅಷ್ಟೇ ಅಲ್ಲ, ನಡುವಿನ ಕಡೆಗೆ ಹ್ಯಾಂಡಲ್ ದಪ್ಪವಾಗುತ್ತ ಹೋಗುವುದರಿಂದ ಕ್ಲ್ಯಾಂಪ್ ಒಂದು ಹಂತದ ನಂತರ ಕೂರುವುದೂ ಇಲ್ಲ. ಬಳಿಕ ಕ್ರಮ ಬದಲಿಸಿ ಗ್ರಿಪ್, ಅದರ ಪಕ್ಕದಲ್ಲಿ ಶಿಫ್ಟರ್, ಅದರಾಚೆಗೆ ಬ್ರೇಕ್ ಲಿವರ್ ಎಂದು ಹಾಕಿದೆ. ಬ್ರೇಕ್ ಲಿವರ್ ಒಳಕ್ಕೆ ಹೋದದ್ದರಿಂದ ಅಕ್ಕನ ಎರಡು ಬೆರಳು ಲಿವರಿನ ತುದಿಯಲ್ಲಿಯೇ ಕೂತವು. ಹಂತ 3ರಲ್ಲಿ ಸಿಗದಿದ್ದ ಸ್ಥಾನ ತಾನಾಗಿ ಒದಗಿತು. ಲಿವರ್ ದೂರವಾಯಿತೆಂದು ಅವಳಿಗೆ ಅನಿಸಿದ್ದರಿಂದ ಅದರ ಮೇಲಿನ ಸಣ್ಣ ಸ್ಕ್ರೂ ತಿರುಗಿಸಿ ಗ್ರಿಪ್‌ಗೆ ಹತ್ತಿರ ತಂದೆ. ಶಿಫ್ಟರಿನ ಕ್ಲ್ಯಾಂಪನ್ನು 5 ನ್ಯೂಟನ್ ಮೀಟರಿಗೆ ಬಿಗಿದೆ. ಹ್ಯಾಂಡಲಿನ ತೆರೆದ ತುದಿಗಳಿಗೆ ಬಿರಡೆ ಹಾಕಿದೆ. ಬಿದ್ದಾಗ ಬರಿಯ ಕೊಳವೆಯ ಅಂಚು ಹೊಟ್ಟೆಗೆ ನಾಟಬಹುದು.

ಮೇಲಿನ ಶಿಫ್ಟರಿನಿಂದ ಕೇಬಲ್ ಹೊರಡುವ ದಿಕ್ಕು ಬೇರೆ, ಆದ್ದರಿಂದ ಹಂತ 2ರಲ್ಲಿ ಹಾಕಿದ್ದ ಮುಂದಿನ ಔಟರ್ ತುಂಡು ಗಿಡ್ಡವಾಯಿತು. ಹ್ಯಾಂಡಲನ್ನು ಎಡಕ್ಕೆ ಪೂರ್ತಿ ತಿರುಗಿಸಿದಾಗ ಔಟರ್ ಸೆಳೆದು ಗೇರ್ ತಾನಾಗಿ ಬದಲಾಗುತ್ತಿತ್ತು. ಹೊಸ ತುಂಡನ್ನು, ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದರೂ ಮೆಲ್ಲನೆ ಬಾಗಿಯೇ ಇರುವಷ್ಟು ಉದ್ದಕ್ಕೆ ಕತ್ತರಿಸಿದೆ.

ಹಂತ 8: ಎಡಗಡೆ

ಎಡಗಡೆಗೆ ಕ್ಲಿಕ್ ಇಲ್ಲದ, ಉಜ್ಜಾಟದಿಂದಲೇ ನಿಲ್ಲುವ ಮೇಲಿನ ಲಿವರ್ ಹಾಕಿದೆ. ಕ್ಲಿಕ್ ಪದ್ಧತಿ ವ್ಯಾಪಕವಾದದ್ದು ಶಿಮಾನೊ 1984ರಲ್ಲಿ ತನ್ನ ಕ್ಲಿಕ್ ಗೇರ್ ವ್ಯವಸ್ಥೆಯಾದ ಎಸ್‌ಐಎಸ್ ತಂದ ಮೇಲೆ; ಅದಕ್ಕೂ ಮೊದಲು ಬಹುತೇಕ ಲಿವರುಗಳು ಹೀಗೆಯೇ ಇದ್ದವು. ಮುಂದೆ ಮೂರೇ ಸ್ಥಾನಗಳು ಇರುವುದರಿಂದ ಕ್ಲಿಕ್ ಇಲ್ಲದಿರುವುದು ತೊಡಕಲ್ಲ, ಅನುಕೂಲವೇ: ಎಳೆತದ ಲೆಕ್ಕ ಹೊಂದಿಸಬೇಕಾಗಿಲ್ಲ, ಚೈನ್ ಡಿರೇಲರಿನ ತಗಡಿಗೆ ಉಜ್ಜುವ ಸದ್ದು ಬಂದರೆ ಲಿವರನ್ನು ಕೂದಲೆಳೆಯಷ್ಟು ಸರಿಸಿ ನಿಲ್ಲಿಸಬಹುದು. ಅತಿ ಭಾರವಾಗಿದ್ದ ನಡುವಿನಿಂದ ದೊಡ್ಡ ಚೈನ್‌ರಿಂಗಿನ ಒತ್ತನ್ನೂ ಈಗ ಅಂಗೈಯಿಂದ ನಿಧಾನವಾಗಿ ತಳ್ಳಿ ಮುಗಿಸಬಹುದು.

ಮುಂದಿನ ಚೈನ್‌ರಿಂಗುಗಳನ್ನು ಒಂದಕ್ಕೇ ಇಳಿಸಿ ಎಡ ಶಿಫ್ಟರನ್ನೇ ತೆಗೆದುಬಿಡುವುದನ್ನೂ ಯೋಚಿಸಿದೆ. ಸಮತಟ್ಟು ದಾರಿಯಲ್ಲೇ ಹೋಗುವವರಿಗೆ ಅದಕ್ಕಿಂತ ಸುಖ ಬೇರೆಯಿಲ್ಲ. ಆದರೆ ಈಗಿರುವ 8ರ ಕ್ಯಾಸೆಟ್ಟಿನಲ್ಲಿ ಅತಿ ಹಗುರ ಗೇರು ಕೈತಪ್ಪುತ್ತಿತ್ತು, ಅಕ್ಕ ಏರಿನಲ್ಲಿ ಬಳಸಬೇಕಾದದ್ದೇ ಅದು.

ಹಂತ 9: ಹೊಂದಿಸುವಿಕೆ, ಮತ್ತು ಹಟ ಹಿಡಿದ ನಾಲ್ಕನೆಯ ಗೇರ್

ಕೇಬಲ್ ಕಟ್ಟುವ ಮೊದಲೇ ಹಿಂದಿನ ಡಿರೇಲರಿನ ಎರಡು ಮಿತಿ ಸ್ಕ್ರೂಗಳನ್ನು ನೋಡಿಕೊಂಡೆ: ಹೊರಗಿನ ಮಿತಿಯಲ್ಲಿ ಮೇಲಿನ ಪುಟ್ಟ ಚಕ್ರ ಅತಿ ಸಣ್ಣ ಸ್ಪ್ರಾಕೆಟ್‌ನ ನೇರಕ್ಕೆ ನಿಲ್ಲಬೇಕು, ಒಳಗಿನ ಮಿತಿಯಲ್ಲಿ ಕೈಯಿಂದ ಎಷ್ಟು ತಳ್ಳಿದರೂ ಚೈನ್ ಕಡ್ಡಿಗಳ ಕಡೆಗೆ ಬೀಳಬಾರದು. ಲಿವರನ್ನು ಪೂರ್ತಿ ಹಿಂದಕ್ಕೆ ತಂದು, ಡಿರೇಲರಿನ ಅಡ್ಜಸ್ಟರನ್ನು (ಕೇಬಲ್ಲಿನ ಬಿಗಿತ ಹೊಂದಿಸುವ ತಿರುಪನ್ನು) ಪೂರ್ತಿ ಒಳಗೆ ತಿರುಗಿಸಿ ಒಂದೆರಡು ಸುತ್ತು ಹೊರಕ್ಕೆ ತಂದು, ಇಕ್ಕಳದಿಂದ ಕೇಬಲ್ ಎಳೆದು ಬೋಲ್ಟ್ ಬಿಗಿದೆ. ಒಂದು ಕ್ಲಿಕ್ಕಿಗೆ ಚೈನ್ ಎರಡನೆಯದಕ್ಕೆ ಏರಲು ಹಿಂಜರಿದರೆ ಅಡ್ಜಸ್ಟರನ್ನು ಕಾಲು ಸುತ್ತು ಹೊರಕ್ಕೆ, ಮೂರನೆಯದಕ್ಕೆ ಹಾರಿದರೆ ಕಾಲು ಸುತ್ತು ಒಳಕ್ಕೆ ತಿರುಗಿಸಬೇಕು.

ಚೈನ್ ಸಣ್ಣ ಸ್ಪ್ರಾಕೆಟ್‌ನಿಂದ ದೊಡ್ಡದಕ್ಕೆ ಏರುವಾಗ ಎಲ್ಲ ಗೇರುಗಳೂ ಸರಿಯಾಗಿ ಕೂತವು. ಇಳಿಯುವಾಗ ನಡುವಿನ ನಾಲ್ಕನೆಯದರಲ್ಲಿ ಚೈನ್ ಇಳಿಯದೆ ಸದ್ದು ಮಾಡುತ್ತ ನಿಲ್ಲುತ್ತಿತ್ತು. ಅಡ್ಜಸ್ಟರನ್ನು ಒಳಕ್ಕೆ ತಿರುಗಿಸಿದರೆ ಇಳಿಯುವುದು ಸರಿಯಾಗಿ, ಏರುವುದು ಕೆಡುತ್ತಿತ್ತು. ಏರುವಾಗಲೂ ಇಳಿಯುವಾಗಲೂ ಒಂದೇ ಹೊಂದಾಣಿಕೆ ಒಪ್ಪದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಉಜ್ಜಾಟವನ್ನು, ಅಡ್ಜಸ್ಟರನ್ನಲ್ಲ. ಏರುವಾಗ ಕೈ ಕೇಬಲನ್ನು ಬಲವಂತವಾಗಿ ಎಳೆಯುತ್ತದೆ. ಇಳಿಯುವಾಗ ಡಿರೇಲರಿನ ಸ್ಪ್ರಿಂಗ್ ಒಂದೇ ಎಳೆದುಕೊಳ್ಳಬೇಕು. ಡಿರೇಲರ್ ಬಳಿಯ ಕುಣಿಕೆಯನ್ನು ಹಳೆಯ ತುಂಡಿನ ಉದ್ದಕ್ಕೇ ಕತ್ತರಿಸಿದ್ದೆ. ಆ ಉದ್ದವೇ ಗಿಡ್ಡವಾಗಿತ್ತು, ಟೊಪ್ಪಿಯ ಬಳಿ ಔಟರ್ ಥಟ್ಟನೆ ಮುರಿದಂತೆ ಬಾಗುತ್ತಿತ್ತು. ಸುಮಾರು 30 ಮಿ.ಮೀ. ಉದ್ದದ ಹೆಚ್ಚುವರಿಯಿಟ್ಟು ಹೊಸ ಕುಣಿಕೆ ಹಾಕಿದೆ, ದುಂಡಗೆ ಸಡಿಲವಾಗಿ ಕೂತಿತು. ನಾಲ್ಕನೆಯ ಗೇರಿನ ತೊಂದರೆ ಅಲ್ಲಿಗೆ ನಿಂತಿತು.

ಔಟರ್ ಮತ್ತು ಟೊಪ್ಪಿಗಳು ತಮ್ಮ ಜಾಗದಲ್ಲಿ ಗಟ್ಟಿಯಾಗಿ ಕೂರುವವರೆಗೆ ಕೇಬಲ್ ಸ್ವಲ್ಪ ಸಡಿಲವಾಗುವುದು ಸಹಜ. ಕೆಲವು ಸವಾರಿಗಳ ನಂತರ ಕಾಲು ಸುತ್ತಿನ ತಿದ್ದುಪಡಿ ಬೇಕಾಯಿತು, ಮತ್ತೆ ಬೇಕಾಗಿಲ್ಲ.

ಹಂತ 10: ಬಳಕೆಯಲ್ಲಿ ಕಂಡದ್ದು

ಅಕ್ಕ ಏರಿನಲ್ಲಿ ಕುಳಿತೇ ತುಳಿಯುತ್ತಾಳೆ, ಏರು ಶುರುವಾಗುವ ಮೊದಲೇ ಗೇರ್ ಬದಲಿಸುತ್ತಾಳೆ. ಹೆಬ್ಬೆರಳಿನ ಬಳಕೆ ಸಂಪೂರ್ಣ ನಿಂತಿಲ್ಲ. ಸಮತಟ್ಟಿನಲ್ಲಿ ಒಂದೊಂದೇ ಗೇರ್ ಬದಲಿಸುವಾಗ ಅವಳಿಗೆ ಅರಿವಿಲ್ಲದೆ ಹೆಬ್ಬೆರಳೇ ಮುಂದಾಗುತ್ತದೆ, ಅಲ್ಲಿ ಭಾರ ಕಡಿಮೆಯಿರುವುದರಿಂದ ನೋವಿಲ್ಲ. ಅತಿ ದೊಡ್ಡ ಸ್ಪ್ರಾಕೆಟ್‌ನಲ್ಲಿ ಲಿವರ್ ಬಹಳ ಮುಂದಕ್ಕೆ ಹೋಗಿ, ಹಿಂದಕ್ಕೆ ತರಲು ತೋರುಬೆರಳು ಚಾಚಬೇಕಾಗುತ್ತಿತ್ತು. ಕ್ಲ್ಯಾಂಪನ್ನು ಸವಾರಳ ಕಡೆಗೆ ತುಸು ತಿರುಗಿಸಿದ ಮೇಲೆ ಅದು ಕೈಗೆ ಸಿಗುವಂತಾಯಿತು, ಆದರೆ ಅತಿ ಸಣ್ಣ ಸ್ಪ್ರಾಕೆಟ್‌ನಲ್ಲಿ ಲಿವರ್ ಗ್ರಿಪ್ ಹಿಡಿದ ಕೈಗೆ ತಾಗುವಷ್ಟು ಹತ್ತಿರವಾಯಿತು. ಅವಳು ಆ ಗೇರನ್ನು ಬಳಸುವುದೇ ಅಪರೂಪವಾದ್ದರಿಂದ ಹಾಗೆಯೇ ಬಿಟ್ಟಿದ್ದೇವೆ.

ಗೇರ್ ಬದಲಿಸಲು ಅಂಗೈ ಎತ್ತಬೇಕಾದಾಗ ಆ ಕೈಯ ಹಿಡಿತ ಕ್ಷಣಕಾಲ ಸಡಿಲವಾಗುತ್ತದೆ, ಬೆರಳು ಬ್ರೇಕ್ ಲಿವರಿನಿಂದ ದೂರವಾಗುತ್ತದೆ. ವಾಹನಗಳ ನಡುವೆ ವೇಗವಾಗಿ ಹೋಗುವವರಿಗೆ, ಕಲ್ಲುಮಣ್ಣಿನ ಇಳಿಜಾರಿನಲ್ಲಿ ಹೋಗುವವರಿಗೆ ಇದು ನಿಜವಾದ ಕೊರತೆ. ಅವರಿಗೆ ಹಂತ 6ರ ಎರಡು ಲಿವರಿನ ಬಗೆಯೇ ಸರಿ. ನಿಧಾನವಾಗಿ, ಮುಂದಿನ ದಾರಿ ನೋಡಿಕೊಂಡು ಹೋಗುವ ಅಕ್ಕನಿಗೆ ಅದು ಅಡ್ಡಿಯಾಗಿಲ್ಲ.

ಖರ್ಚಿನಲ್ಲಿ ಅತಿ ಕಡಿಮೆಯಾದದ್ದು ಕೇಬಲ್ ಮತ್ತು ಔಟರ್, ಅತಿ ಹೆಚ್ಚು ಫಲ ಕೊಟ್ಟದ್ದೂ ಅದೇ. ಶಿಫ್ಟರ್ ಜೋಡಿಗೆ ಹೆಚ್ಚಿನ ಪಾಲು ಹೋಯಿತು. ಬ್ರೇಕ್ ಲಿವರ್ ಮತ್ತು ಹೊಸ ಬ್ರೇಕ್ ಕೇಬಲ್ಲುಗಳ ಪಾಲು ಅದರ ಹತ್ತಿರಕ್ಕೆ ಬಂದಿತು. ಒಂದೇ ಕವಚದ ಜೋಡಿಯಿಂದ ಬಿಡಿಗೆ ಹೋಗುವವರು ಇದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಕೇಬಲ್ ಕಟರ್ ಮುಂದೆಯೂ ಬಳಕೆಗೆ ಬರುವುದರಿಂದ ಈ ಕೆಲಸಕ್ಕೇ ಸೇರಿಸಿಲ್ಲ.

ಬಾಕಿ ಇರುವುದು ಎರಡು. ಎಡಗಡೆ ಲಿವರಿನ ಉಜ್ಜಾಟದ ಸ್ಕ್ರೂ ಅದುರಾಟಕ್ಕೆ ನಿಧಾನವಾಗಿ ಸಡಿಲವಾಗುತ್ತಿದೆ. ಸಡಿಲವಾದಾಗ ದೊಡ್ಡ ಚೈನ್‌ರಿಂಗ್‌ನಿಂದ ಚೈನ್ ತಾನಾಗಿ ನಡುವಿನದಕ್ಕೆ ಬೀಳುತ್ತದೆ. ಬೆರಳಿನಿಂದಲೇ ಬಿಗಿಯಬಹುದಾದ ಉಂಗುರ ಸ್ಕ್ರೂವಿಗೆ ಇದೆ, ಅಕ್ಕ ಅದನ್ನು ಬಿಗಿಯುವುದನ್ನು ಕಲಿತಿದ್ದಾಳೆ, ಆದರೆ ಒಳಗಿನ ವಾಷರುಗಳನ್ನು ಒಮ್ಮೆ ಬಿಚ್ಚಿ ಒರೆಸಿ ನೋಡಬೇಕು. ಎರಡನೆಯದು, ಡಿರೇಲರ್ ಬಳಿಯ ಕುಣಿಕೆಯ ತುದಿಗೆ ಕೊಳೆ ಒಳನುಗ್ಗದ ಹಾಗೆ ರಬ್ಬರ್ ಅಂಚಿನ ಟೊಪ್ಪಿ ಹಾಕುವುದು. ಮುಂದಿನ ಬಾರಿ ಚೈನ್ ತೊಳೆಯುವಾಗ ಎರಡನ್ನೂ ಒಟ್ಟಿಗೆ ಮುಗಿಸುತ್ತೇನೆ.